ಸೇವಾ ರಶೀದಿಗೊಂದು ಪುಟ್ಟ ತಂತ್ರಾಂಶ: ಒತ್ತಕ್ಷರ ಕೆಡದಂತೆ ಮುದ್ರಿಸುವ ಬಗೆ

ಉಡುಪಿ ಸುತ್ತಮುತ್ತಲಿನ ಸಣ್ಣ ದೇವಸ್ಥಾನದ ಕೌಂಟರಿಗೆ ಒಂದೇ ಪರದೆಯ ತಂತ್ರಾಂಶ ಸಾಕು: ಹೆಸರು, ನಕ್ಷತ್ರ, ರಾಶಿ, ಸೇವೆ, ಮೊತ್ತ, ‘ಮುದ್ರಿಸು’ ಗುಂಡಿ. ಪೈಥಾನ್ ಭಾಷೆ, ಪರದೆಗೆ ಪೈಸೈಡ್ 6 (‘ಕ್ಯೂಟಿ’ ಎಂಬ ಪರದೆ ಕಟ್ಟುವ ಸಾಧನದ ಪೈಥಾನ್ ರೂಪ), ದಾಖಲೆಗೆ ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ದತ್ತಸಂಚಯ): ಇಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ. ಸರ್ವರ್, ಲಾಗಿನ್ ಯಾವುದೂ ಬೇಡ. ಕೌಂಟರಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಮಾತ್ರ ಪೈಥಾನ್ 3.8 ಮತ್ತು ಪೈಸೈಡ್ 2ಕ್ಕೆ ಇಳಿಯಬೇಕು.

27 ನಕ್ಷತ್ರ, 12 ರಾಶಿಗಳನ್ನು ಪಟ್ಟಿಯಲ್ಲೇ ಕೊಡಿ. ನಕ್ಷತ್ರ ಆರಿಸಿದೊಡನೆ ರಾಶಿಯನ್ನು ತಾನಾಗಿ ತುಂಬಿಸುವ ಜಾಣತನ ಬೇಡ. ಅಶ್ವಿನಿ ಪೂರ್ತಿ ಮೇಷ, ಸರಿ. ಆದರೆ ಕೃತ್ತಿಕೆಯ 1ನೇ ಪಾದ ಮೇಷ, ಉಳಿದ ಮೂರು ವೃಷಭ. ಇಂಥ ಕಡೆ ಎರಡನ್ನೂ ತೋರಿಸಿ, ಆಯ್ಕೆ ಗುಮಾಸ್ತರಿಗೆ ಬಿಡಿ.

ನಿಜವಾದ ತಲೆನೋವು ಥರ್ಮಲ್ ಪ್ರಿಂಟರ್. ಇವುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಪಠ್ಯ ಕಳಿಸಿದರೆ ಕಸ ಬರುತ್ತದೆ. ಆದ್ದರಿಂದ ಇಡೀ ರಶೀದಿಯನ್ನು ಚಿತ್ರವಾಗಿ ಬರೆದು ಕಳಿಸಬೇಕು. 80 ಮಿ.ಮೀ. ಕಾಗದಕ್ಕೆ ಚಿತ್ರದ ಅಗಲ 576 ಚುಕ್ಕಿ, 58 ಮಿ.ಮೀ.ಗೆ 384. ಕ್ಯೂಟಿಯಲ್ಲಿ ಚಿತ್ರ ಬರೆಯುವ ಭಾಗವಾದ ಕ್ಯೂಪೇಂಟರ್‌ನಿಂದ ಬರೆದರೆ ಒತ್ತಕ್ಷರಗಳನ್ನು ಕ್ಯೂಟಿಯೇ ಜೋಡಿಸುತ್ತದೆ. ಬದಲಿಗೆ ಪಿಲ್ಲೋ (ಪೈಥಾನಿನ ಚಿತ್ರ ಗ್ರಂಥಾಲಯ) ಬಳಸುವವರು ಮೊದಲು ಅದರಲ್ಲಿ ಅಕ್ಷರ ಜೋಡಿಸುವ ‘ರಾಕ್ಮ್’ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಲಿ. ವಿಂಡೋಸ್‌ನಲ್ಲಿ ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಫೈಲು ಬೇರೆಯಾಗಿ ಹಾಕದಿದ್ದರೆ ‘ಜ್ಯೇಷ್ಠಾ’ ಒಡೆದು ಬರುತ್ತದೆ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪದ ಸಿಗದು.

ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, ಗಾತ್ರ ಸುಮಾರು 28 ಪಿಕ್ಸೆಲ್. ಸಾಲಿನ ಅಂತರ ಅದರ ಒಂದೂವರೆ ಪಟ್ಟು ಇರಲಿ, ಇಲ್ಲವಾದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕಪ್ಪುಬಿಳುಪಿಗೆ ಇಳಿಸುವಾಗ ಥ್ರೆಶೋಲ್ಡ್ (ಒಂದು ಮಿತಿಗಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ) ಆಯ್ಕೆಯನ್ನೇ ಕೊಡಿ. ಬೂದು ಬಣ್ಣವನ್ನು ಚುಕ್ಕಿಗಳಾಗಿ ಹರಡುವ ಡಿಫಾಲ್ಟ್ ಡಿದರಿಂಗ್‌ನಲ್ಲಿ ಅಕ್ಷರದ ಅಂಚು ಚುಕ್ಕಿಚುಕ್ಕಿಯಾಗುತ್ತದೆ. ವಿನ್32ಪ್ರಿಂಟ್ (ವಿಂಡೋಸ್ ಪ್ರಿಂಟರಿಗೆ ಪೈಥಾನಿನಿಂದ ಕಳಿಸುವ ಮಾಡ್ಯೂಲ್) ಮೂಲಕ ‘ರಾ’ ಬಗೆಯಲ್ಲಿ, ಅಂದರೆ ಇದ್ದಂತೆಯೇ, ಕಳಿಸುವ ಚಿತ್ರದ ಆಜ್ಞೆಯ ಬೈಟುಗಳು ದಶಮಾನದಲ್ಲಿ ಹೀಗೆ: 29, 118, 48, 0, ಬಳಿಕ ಅಗಲ 72, 0 (576ನ್ನು 8ರಿಂದ ಭಾಗಿಸಿದ್ದು), ಎತ್ತರ 400 ಸಾಲಾದರೆ 144, 1 (144 + 1×256), ಆಮೇಲೆ ಚಿತ್ರ. ಕಾಗದ ಕತ್ತರಿಸಲು 29, 86, 66, 0. ರಶೀದಿ ಪೂರ್ತಿ ಕಪ್ಪಾಗಿ ಬಂದರೆ ಬಿಟ್‌ಗಳು ತಿರುವುಮುರುವಾಗಿವೆ ಎಂದರ್ಥ: ಪ್ರಿಂಟರಿಗೆ 1 ಎಂದರೆ ಕಪ್ಪು. ಅರ್ಧಕ್ಕೆ ನಿಂತು ಕಸ ಬಂದರೆ ಪ್ರಿಂಟರಿನ ಬಫರ್ (ತಾತ್ಕಾಲಿಕ ಸಂಗ್ರಹ) ಸಾಲದು, ಚಿತ್ರವನ್ನು ನೂರಿನ್ನೂರು ಸಾಲುಗಳ ತುಂಡು ಮಾಡಿ ಕಳಿಸಿ.

ಮೊದಲು ದಾಖಲೆ, ಆಮೇಲೆ ಮುದ್ರಣ. ಕಾಗದ ಮುಗಿದರೆ ಅದೇ ಸಂಖ್ಯೆಯಲ್ಲಿ ‘ನಕಲು’ ಎಂದು ಮತ್ತೆ ತೆಗೆಯಬಹುದು. ತಪ್ಪಿದ ರಶೀದಿಯನ್ನು ಅಳಿಸಬಾರದು, ‘ರದ್ದು’ ಎಂದು ಗುರುತು ಹಾಕಬೇಕು. ನಡುವೆ ಸಂಖ್ಯೆ ಕಾಣೆಯಾದರೆ ಲೆಕ್ಕಪರಿಶೋಧಕರು ಕೇಳಿಯೇ ಕೇಳುತ್ತಾರೆ. ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ.

ವೇಗಕ್ಕೆಂದು ಎಸ್‌ಕ್ಯೂಲೈಟ್‌ನಲ್ಲಿ ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೆ ಫೈಲಿಗೆ ಬರೆಯುವ ಬಗೆ) ಹಾಕಿ, ಡಿಸ್ಕಿಗೆ ಖಾತ್ರಿಯಾಗಿ ಬರೆಸುವ ‘ಸಿಂಕ್ರನಸ್’ ಆಯ್ಕೆಯನ್ನು ನಾರ್ಮಲ್ ಮಾಡುವವರಿದ್ದಾರೆ. ಆಷಾಢದ ಮಳೆಗೆ ಕರೆಂಟು ಹೋದಾಗ ಹಾಗೆ ಮಾಡಿದಲ್ಲಿ ಕೊನೆಯ ಕೆಲವು ರಶೀದಿಗಳು ದಾಖಲೆಯಿಂದ ಮಾಯವಾಗಬಹುದು. ಎಸ್‌ಕ್ಯೂಲೈಟ್‌ನ ಡಿಫಾಲ್ಟನ್ನು ಮುಟ್ಟಬೇಡಿ, ಒಂದು ಕೌಂಟರಿಗೆ ಆ ವೇಗ ಧಾರಾಳ. ಬ್ಯಾಕಪ್‌ಗೆ ತೆರೆದಿರುವ ಫೈಲನ್ನು ನಕಲಿಸದೆ ಎಸ್‌ಕ್ಯೂಲೈಟ್‌ನದೇ ‘ವ್ಯಾಕ್ಯೂಮ್ ಇಂಟು’ ಆಜ್ಞೆಯಿಂದ ಪೆನ್‌ಡ್ರೈವಿಗೆ ಬರೆಸಿ.

ತಂತ್ರಾಂಶವನ್ನು ಕೌಂಟರಿನ ಕಂಪ್ಯೂಟರಿಗೆ ಹಾಕುವಂತೆ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಲ್ಲಿ ‘ಒನ್‌ಡಿರ್’ (ಎಲ್ಲವೂ ಒಂದು ಫೋಲ್ಡರಿನಲ್ಲಿ) ಆರಿಸಿ. ‘ಒನ್‌ಫೈಲ್’ (ಎಲ್ಲವೂ ಒಂದೇ ಫೈಲಿನಲ್ಲಿ) ಪ್ರತಿ ಸಲವೂ ಟೆಂಪ್ ಫೋಲ್ಡರಿಗೆ ಬಿಚ್ಚಿಕೊಳ್ಳುವುದರಿಂದ ತೆರೆಯಲು ತಡ, ಆಂಟಿವೈರಸ್ಸಿಗೂ ಅನುಮಾನ. ದತ್ತಾಂಶ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬೇಡ, ಬಳಕೆದಾರರ ಲೋಕಲ್ ಆ್ಯಪ್‌ಡೇಟಾದಲ್ಲಿರಲಿ. ತಿಂಗಳ ಸಿಎಸ್‌ವಿ ಫೈಲನ್ನು ಬಿಒಎಂ (ಫೈಲಿನ ಮೊದಲಲ್ಲಿ ಬರುವ ಗುರುತು) ಸಹಿತ ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿ ಬರೆಯದಿದ್ದರೆ ಎಕ್ಸೆಲ್‌ನಲ್ಲಿ ಹೆಸರುಗಳೆಲ್ಲ ಚಿಹ್ನೆಗಳಾಗಿ ಕಾಣಬಹುದು.