ತಟ್ಟೆಯ ಚೀಲ ಯಾರ ಮನೆಯಲ್ಲಿರಬೇಕು?

ಬಾಗಲಕೋಟೆಯಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನು ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್ ಆಡುವವರು ಎಷ್ಟು ಜನರಿದ್ದೀರಿ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ‘ಅರವತ್ತು’ ಎನ್ನುತ್ತಿದ್ದೆ. ಭಾನುವಾರ ಬೆಳಿಗ್ಗೆ ಬಂದು ಒಮ್ಮೆಯಾದರೂ ತಟ್ಟೆ ಎಸೆದು ಹೋದವರ ಹೆಸರನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಅದರ ಲೆಕ್ಕ ಅದು. ಈಗ ‘ಹನ್ನೊಂದು’ ಎನ್ನುತ್ತೇನೆ. ಇದು ಸ್ವಂತ ತಟ್ಟೆ ಇರುವವರ ಲೆಕ್ಕ. ಅರವತ್ತರಿಂದ ಹನ್ನೊಂದಕ್ಕೆ ಇಳಿದ ಮೇಲೆಯೇ ನಮ್ಮ ಬಳಗ ಒಂದು ಹದಕ್ಕೆ ಬಂದಿತು.

ಈ ಆಟ ನನಗೆ ಗಂಟುಬಿದ್ದದ್ದು 2022ರ ಸಂಕ್ರಾಂತಿಯಲ್ಲಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೊಳೆಯ ಸ್ನಾನಕ್ಕೆ ಹೋಗಿದ್ದೆವು. ಎಸ್ಟೋನಿಯಾದಲ್ಲಿ ಓದುತ್ತಿದ್ದ ತಂಗಿಯ ಮಗನೂ ರಜೆಗೆ ಬಂದಿದ್ದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುಗಿಸಿ ಎಲ್ಲರೂ ನೆರಳು ಹುಡುಕುತ್ತಿದ್ದಾಗ ಅವನು ಚೀಲದಿಂದ ಆರು ಬಣ್ಣದ ತಟ್ಟೆಗಳನ್ನು ಹೊರತೆಗೆದ. ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಎಷ್ಟೋ ವರ್ಷ ಮಕ್ಕಳಿಗೆ ಚಕ್ರ ಎಸೆತ ಕಲಿಸಿದವನು. ಎರಡು ಕಿಲೋ ಚಕ್ರ ಎಸೆದ ಕೈಗೆ 175 ಗ್ರಾಂನ ಪ್ಲಾಸ್ಟಿಕ್ ಯಾವ ಲೆಕ್ಕ ಎಂದುಕೊಂಡು ಬೀಸಿದೆ. ಹದಿನೈದು ಹೆಜ್ಜೆ ದಾಟಲಿಲ್ಲ. ಎಡಕ್ಕೆ ಹೊರಳಿ ನಮ್ಮ ಬುತ್ತಿಯ ಗಂಟಿನ ಮೇಲೆಯೇ ಬಿತ್ತು. ‘ಮಾಮಾ, ತೋಳಿನಿಂದ ಬೇಡ. ಸೊಂಟ ತಿರುಗಲಿ, ತೋಳು ಹಿಂದೆಯೇ ಬರುತ್ತದೆ’ ಎಂದ ಅಳಿಯ. ಅವನು ಅದೇ ತಟ್ಟೆಯನ್ನು ಸರಕ್ಕನೆ ಬಿಟ್ಟಾಗ ಅದು ಮೊದಲು ಬಲಕ್ಕೆ ವಾಲಿ, ನೆಟ್ಟಗೆ ಸಾಗಿ, ಕೊನೆಗೆ ಉಸಿರು ಕಡಿಮೆಯಾದಂತೆ ಎಡಕ್ಕೆ ಬಾಗಿ ಇಳಿಯಿತು. ಬಲಗೈಯವರು ಹಿಂಗೈಯಲ್ಲಿ (ಬ್ಯಾಕ್‌ಹ್ಯಾಂಡ್) ಎಸೆದರೆ ತಟ್ಟೆಗೆ ಆ ಕೊನೆಯ ಎಡಗಡೆಯ ಬಾಗು ತಪ್ಪಿದ್ದಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಎಸೆಯುವುದೇ ಆಟ.

ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನಲ್ಲಿ ಚೆಂಡು ಮತ್ತು ಕುಳಿ ಇದ್ದರೆ ಇಲ್ಲಿ ತಟ್ಟೆ ಮತ್ತು ಸರಪಳಿ ತೂಗುವ ಬುಟ್ಟಿ. ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಕಡಿಮೆ ಎಸೆತದಲ್ಲಿ ತಟ್ಟೆಯನ್ನು ಬುಟ್ಟಿಗೆ ಹಾಕಿದವನು ಗೆದ್ದ. ತಟ್ಟೆಯ ಅಡ್ಡಗಲ 21 ಸೆಂ.ಮೀ.ಗೆ ಕಡಿಮೆ ಇರುವಂತಿಲ್ಲ. ದೂರದ ಎಸೆತಕ್ಕೆ ಚೂಪು ಅಂಚಿನ ಡ್ರೈವರ್, ಬುಟ್ಟಿಯ ಹತ್ತಿರಕ್ಕೆ ಬಂದ ಮೇಲೆ ದುಂಡು ಅಂಚಿನ ಪಟರ್. ಬೀಚಿನ ಫ್ರಿಸ್ಬಿ ಎಂದುಕೊಂಡು ಡ್ರೈವರ್ ಹಿಡಿಯಲು ಹೋದರೆ ಬೆರಳಿಗೆ ಪೆಟ್ಟು. ನಮ್ಮ ಹುಡುಗರು ಮೊದಲ ವಾರವೇ ಇದನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ತಿಳಿದುಕೊಂಡರು.

ಅಳಿಯ ಆರು ತಟ್ಟೆಗಳನ್ನೂ ನನಗೇ ಬಿಟ್ಟುಹೋದ. ಬುಟ್ಟಿ ಎಲ್ಲಿಂದ ತರುವುದು? ನವನಗರದಲ್ಲಿ ನಮಗೆ ಗುರುತಿನ ವೆಲ್ಡರ್ ಚಾಚಾ ಒಬ್ಬರಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, ‘ಮಾಸ್ತರೇ, ಇದು ಕೋಳಿ ಮುಚ್ಚುವುದಕ್ಕೋ?’ ಎಂದರು. ಕೆಳಗಿನ ಬುಟ್ಟಿಗೆ ಹಳೆಯ 28 ಇಂಚಿನ ಸೈಕಲ್ ರಿಮ್, ಮೇಲಿನ ಬಳೆಗೆ 24 ಇಂಚಿನದು, ನಡುವೆ ನೀರಿನ ಪೈಪು, ಬುಡಕ್ಕೆ ಎಣ್ಣೆ ಡಬ್ಬಿಯಲ್ಲಿ ಸಿಮೆಂಟು. ಬುಟ್ಟಿಯ ಅಂಚು ನೆಲದಿಂದ 82 ಸೆಂ.ಮೀ. ಎತ್ತರಕ್ಕೆ ಬರುವಂತೆ ಅಳತೆ ಹಿಡಿದೆವು.

ಮೊದಲ ಬುಟ್ಟಿಯಲ್ಲಿ ಎಡವಿದ್ದು ಸರಪಳಿಯ ವಿಷಯದಲ್ಲಿ. ಹನ್ನೆರಡು ಸರಪಳಿಗಳನ್ನು ಮೇಲಿನ ಬಳೆಯಿಂದ ಬಾಗಿಲ ಪರದೆಯ ಹಾಗೆ ನೇರ ಇಳಿಬಿಟ್ಟಿದ್ದೆವು. ತಟ್ಟೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಪಾರಾಗುತ್ತಿತ್ತು. ಚಿತ್ರವನ್ನು ಮತ್ತೆ ಹಿಗ್ಗಿಸಿ ನೋಡಿದಾಗ ತಿಳಿಯಿತು: ಸರಪಳಿಯ ಕೆಳತುದಿಗಳೆಲ್ಲ ಕಂಬದ ಹತ್ತಿರ ಒಂದು ಸಣ್ಣ ಬಳೆಗೆ ಸೇರಿಕೊಳ್ಳಬೇಕು, ನಡುವೆ ತೊಟ್ಟಿಲ ಹಗ್ಗದಂತೆ ಸ್ವಲ್ಪ ಜೋಲಬೇಕು. ಆ ಜೋಲೇ ತಟ್ಟೆಯ ವೇಗವನ್ನು ನುಂಗುತ್ತದೆ. ಒಳಗೆ ಇನ್ನೂ ಆರು ಸರಪಳಿಗಳನ್ನು ಕಂಬಕ್ಕೆ ಹತ್ತಿರವಾಗಿ ಸೇರಿಸಿದ ಮೇಲೆ ತಟ್ಟೆ ಝಲ್ಲೆಂದು ಹೊಕ್ಕು ಬುಟ್ಟಿಗೆ ಬೀಳತೊಡಗಿತು. ಆ ಸದ್ದು ಕೇಳಿ ಚಾಚಾ ತಾವೂ ಹತ್ತು ಸಲ ಎಸೆದರು. ಕೂಲಿಯಲ್ಲಿ ಇನ್ನೂರು ರೂಪಾಯಿ ಬಿಟ್ಟುಕೊಟ್ಟರು.

ಮೂರು ಬುಟ್ಟಿಗಳಾದವು. ನಾಲ್ಕನೆಯ ತಿಂಗಳಲ್ಲಿ ಮೂರರ ಸರಪಳಿಯನ್ನೂ ಯಾರೋ ರಾತ್ರಿ ಕತ್ತರಿಸಿಕೊಂಡು ಹೋದರು. ಗುಜರಿಯಲ್ಲಿ ಅದಕ್ಕೆಷ್ಟು ಸಿಕ್ಕಿತೋ, ನನಗಂತೂ ಆ ವಾರ ಊಟ ರುಚಿಸಲಿಲ್ಲ. ಆಮೇಲೆ ಸಮಾಧಾನ ಸಿಕ್ಕಿದ್ದು ಇತಿಹಾಸದಲ್ಲಿ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಮೊದಲ ಶಾಶ್ವತ ಅಂಕಣ ಮಾಡಿದಾಗ ಅಲ್ಲಿಯೂ ಬುಟ್ಟಿಗಳಿರಲಿಲ್ಲ, ಕಂಬಕ್ಕೆ ತಾಗಿಸಿದರೆ ಆಯಿತು. ಅದನ್ನು ರೂಪಿಸಿದ ಎಡ್ ಹೆಡ್ರಿಕ್ ಅವರೇ ಆಮೇಲೆ ಸರಪಳಿಯ ಬುಟ್ಟಿ ಕಂಡುಹಿಡಿದು ಪೇಟೆಂಟ್ ಮಾಡಿಸಿದ್ದು. 1976ರಲ್ಲಿ ಪಿಡಿಜಿಎ ಎಂಬ ವೃತ್ತಿಪರ ಆಟಗಾರರ ಸಂಘ ಕಟ್ಟಿದವರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆ ಮಾಡಿದರು. ಇದನ್ನು ಹೇಳಿದಾಗ ಒಬ್ಬ ಹುಡುಗ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಹಿಂದೆ ಸರಿದ. ಅಂತೂ ನಾವೂ ಬಳ್ಳಾರಿ ಜಾಲಿಯ ಬೊಡ್ಡೆಗಳಿಗೆ ಬಿಳಿ ಸುಣ್ಣ ಬಳಿದು ಒಂಬತ್ತು ಗುರಿ ಮಾಡಿಕೊಂಡೆವು. ಒಂದೇ ಬುಟ್ಟಿಗೆ ಹೊಸ ಸರಪಳಿ ಹಾಕಿಸಿದ್ದೇವೆ. ಆಟದ ದಿನ ಅದು ಟಂಟಂ ಗಾಡಿಯಲ್ಲಿ ಬಂದು, ಟಂಟಂ ಗಾಡಿಯಲ್ಲೇ ಮನೆಗೆ ಹೋಗುತ್ತದೆ.

ನಮ್ಮ ನೆಲದ ಕಥೆಯೇ ಬೇರೆ. ಆಲಮಟ್ಟಿ ಅಣೆಕಟ್ಟಿನಿಂದ ಹಳೆಯ ಬಾಗಲಕೋಟೆಯ ಒಂದಷ್ಟು ಭಾಗ ಮುಳುಗಡೆಯಾಗಿ ನವನಗರ ಹುಟ್ಟಿತು. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿದಾಗ ಘಟಪ್ರಭೆಯ ಹಿನ್ನೀರು ಹಿಗ್ಗಿ ನಿಲ್ಲುತ್ತದೆ, ಬೇಸಿಗೆಗೆ ಇಳಿಯುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಬಯಲೇ ನಮ್ಮ ಬೇಸಿಗೆಯ ಅಂಕಣ. ಮಳೆಗಾಲದಲ್ಲಿ ಅದು ಮೀನುಗಾರರದು, ನಾವು ಮೇಲಿನ ಜಾಲಿ ಮರಗಳ ನಡುವೆ ಆಡುತ್ತೇವೆ. ಆಷಾಢದ ಗಾಳಿಯಲ್ಲಿ ಆಡಿದವರಿಗೆ ಬೇರೆ ಗುರು ಬೇಡ. ಎದುರು ಗಾಳಿಗೆ ತಟ್ಟೆ ಬಲಕ್ಕೆ ಮಗುಚಿಕೊಳ್ಳುತ್ತದೆ, ಬೆನ್ನ ಗಾಳಿಗೆ ಬೇಗ ನೆಲ ಹಿಡಿಯುತ್ತದೆ. ತಟ್ಟೆಯ ಮೂತಿ ಒಂದು ಬೆರಳಿನಷ್ಟು ಮೇಲೆದ್ದರೂ ಗಾಳಿ ಅದನ್ನು ಗಾಳಿಪಟ ಮಾಡಿ ತಲೆಯ ಮೇಲಿಂದ ಹಿಂದಕ್ಕೆ ತಂದು ಹಾಕುತ್ತದೆ.

ಬೇಸಿಗೆಯ ಗಂಡಾಂತರವೆಂದರೆ ಎರೆ ನೆಲದ ಬಿರುಕು. ತಟ್ಟೆ ನೆಲಕ್ಕೆ ತಾಗಿ ಅಂಚಿನ ಮೇಲೆ ಗಾಲಿಯಂತೆ ಉರುಳುತ್ತ ಹೋಗಿ, ಹುಂಡಿಗೆ ಹಾಕಿದ ನಾಣ್ಯದ ಹಾಗೆ ಬಿರುಕಿನೊಳಗೆ ಇಳಿದುಬಿಡುತ್ತದೆ. ಮೊಣಕೈವರೆಗೆ ಕೈ ಹಾಕಿ ತೆಗೆಯಬೇಕು. ಹಾವಿನ ಭಯ, ಹಾಗಾಗಿ ಮೊದಲು ಕೋಲು. ಈ ಸಂದರ್ಭಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲಿ ಏನಿದೆಯೋ, ನಮ್ಮಲ್ಲಿ ದಂಡವಿಲ್ಲ. ತೆಗೆದವನಿಗೆ ಒಂದು ಚಹಾ.

ಈಗ ಚೀಲದ ವಿಷಯ. ಎರಡು ವರ್ಷ ತಟ್ಟೆಗಳೆಲ್ಲ ನನ್ನ ಮನೆಯಲ್ಲೇ ಇದ್ದವು. ಅಳಿಯ ಮತ್ತೆರಡು ಸಲ ತಂದುಕೊಟ್ಟದ್ದು, ನಾನು ಅಂಚೆಯಲ್ಲಿ ತರಿಸಿದ್ದು ಸೇರಿ ಇಪ್ಪತ್ತಾರು ಆಗಿದ್ದವು. ಪ್ರತಿಯೊಂದರ ಬೆನ್ನಿಗೂ ಅಳಿಸದ ಮಸಿಯಲ್ಲಿ ನನ್ನ ಮೊಬೈಲ್ ನಂಬರ್. ಭಾನುವಾರ ಬೆಳಿಗ್ಗೆ ಹಂಚಿ, ಒಂಬತ್ತಕ್ಕೆ ಎಣಿಸಿ ಒಳಗಿಡುತ್ತಿದ್ದೆ. ಯಾರಿಗೂ ಖರ್ಚಿಲ್ಲ, ಎಲ್ಲರೂ ಬರಲಿ ಎಂಬ ದೊಡ್ಡಸ್ತಿಕೆ ಬೇರೆ. 2024ರ ಲೋಕಸಭಾ ಚುನಾವಣೆಯ ಕೆಲಸ ಬಿತ್ತು. ತರಬೇತಿ, ಮೇ 7ರ ಮತದಾನ, ಅದು ಮುಗಿಯುತ್ತಲೇ ತಂಗಿಯ ಮನೆಯ ಮದುವೆ. ನಾಲ್ಕು ಭಾನುವಾರ ನಾನು ಬಯಲಿಗೆ ಹೋಗಲಿಲ್ಲ. ಬಂದು ಕೇಳಿದರೆ ಒಬ್ಬರೂ ಆಡಿರಲಿಲ್ಲ. ‘ಚೀಲ ನಿಮ್ಮ ಮನೆಯಲ್ಲಿತ್ತಲ್ಲ ಸರ್’ ಎಂದರು. ನಮ್ಮ ಮನೆಗೆ ಎರಡು ಫರ್ಲಾಂಗು ದೂರದಲ್ಲಿರುವವರೂ ಅದನ್ನೇ ಹೇಳಿದರು. ನನ್ನ ಹೆಂಡತಿ ನಾಲ್ಕು ವಾರವೂ ಮನೆಯಲ್ಲೇ ಇದ್ದಳು, ಒಬ್ಬರೂ ಬಂದು ಕದ ತಟ್ಟಿರಲಿಲ್ಲ.

ಸಿಟ್ಟು ಬಂದಿತು. ಮೊದಲು ಅವರ ಮೇಲೆ, ಎರಡು ದಿನ ಬಿಟ್ಟು ನನ್ನ ಮೇಲೆ. ಜೂನಿನಿಂದ ತಟ್ಟೆ ಕೊಡುವುದನ್ನು ನಿಲ್ಲಿಸಿ ಮಾರತೊಡಗಿದೆ. ಹೊಸದಕ್ಕೆ ಸಾವಿರದ ಆಸುಪಾಸು ಬೀಳುತ್ತಿತ್ತು. ಬಳಸಿದ್ದನ್ನು ನಾಲ್ಕುನೂರಕ್ಕೆ, ವಾರಕ್ಕೆ ಐವತ್ತರ ಕಂತಿನಲ್ಲಿ ಕೊಟ್ಟೆ. ಶಾಲೆಯ ಮಕ್ಕಳಿಗೆ ನೂರು. ಮೇಷ್ಟ್ರು ಅಂಗಡಿ ತೆರೆದರು ಎಂಬ ಮಾತು ನನ್ನ ಕಿವಿಗೂ ಬಿತ್ತು. ಬರುವವರು ಎರಡೇ ತಿಂಗಳಲ್ಲಿ ಇಪ್ಪತ್ತರಿಂದ ಐದಕ್ಕೆ ಇಳಿದರು. ಆಗ ರಾತ್ರಿ ನಿದ್ದೆ ಕೆಟ್ಟದ್ದು ನಿಜ, ಒಮ್ಮೆ ಎಲ್ಲವನ್ನೂ ವಾಪಸು ಚೀಲಕ್ಕೆ ತುಂಬಬೇಕೆಂದೂ ಅನ್ನಿಸಿತ್ತು.

ಐದರಲ್ಲಿ ಇದ್ದವರು ಒಬ್ಬ ಎಲೆಕ್ಟ್ರಿಷಿಯನ್, ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣತಮ್ಮ, ವೆಲ್ಡರ್ ಚಾಚಾರ ಮಗ, ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ. ಕೆರೆಗೆ ಕಲ್ಲು ಬೀಸುವ ಹಾಗೆ ಪಕ್ಕದಿಂದ ಚಿಮ್ಮಿಸುವ ಮುಂಗೈ ಎಸೆತ ಅವಳಿಗೆ ಹುಟ್ಟಿನಿಂದಲೇ ಬಂದಂತಿದೆ. ತಟ್ಟೆ ತಮ್ಮದಾದ ಮೇಲೆ ಇವರು ಮಂಗಳವಾರ ಸಂಜೆಯೂ ಆಡಿದರು, ನನಗೆ ಹೇಳದೆಯೇ. ಬುಟ್ಟಿಯಿಂದ ಹತ್ತು ಮೀಟರ್ ಒಳಗಿದ್ದರೆ ಎಸೆದ ಮೇಲೆ ತೂಕ ತಪ್ಪಿ ಮುಂದೆ ಕಾಲಿಡಬಾರದು ಎಂಬ ನಿಯಮಕ್ಕೆ ಜಗಳವಾಡಿ, ತಾವೇ ಹತ್ತು ಮೀಟರಿನ ಹಗ್ಗ ತಂದಿಟ್ಟರು. ಹುಡುಗಿಯ ತಂದೆ ಆಟ ನೋಡಲು ಬಂದು, ಮಗಳ ತಟ್ಟೆಗಿಂತ ಹೊಸದೊಂದನ್ನು ತಮಗೇ ಕೊಂಡರು. ಹಾಗೆ ಒಬ್ಬೊಬ್ಬರಾಗಿ ಸೇರಿ ಹನ್ನೊಂದಾಯಿತು.

ಕಳೆದ ಏಪ್ರಿಲ್‌ನಲ್ಲಿ ನೀರು ಬಹಳ ಇಳಿದಿತ್ತು. ಅಣ್ಣತಮ್ಮಂದಿರಲ್ಲಿ ಚಿಕ್ಕವನು ಕೆಸರು ಒಣಗಿ ಹೆಕ್ಕಳಿಕೆ ಎದ್ದ ಜಾಗದಲ್ಲಿ ಅರ್ಧ ಹೂತಿದ್ದ ಕಿತ್ತಳೆ ಬಣ್ಣದ ಡ್ರೈವರ್ ಒಂದನ್ನು ಕಿತ್ತು ತಂದ. ಎರಡು ಮಳೆಗಾಲದ ಹಿಂದೆ ನಾನೇ ಹಿನ್ನೀರಿಗೆ ಎಸೆದು ಮುಳುಗಿಸಿದ್ದು. ಉಗುರಿನಿಂದ ಮಣ್ಣು ಕೆರೆದಾಗ ನನ್ನ ನಂಬರ್ ಎದ್ದಿತು. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ‘ಹಳೆಯದಕ್ಕೆ ನಾಲ್ಕುನೂರಲ್ಲವೇ ಸರ್? ನೀರಲ್ಲಿ ನೆನೆದದ್ದು, ಇನ್ನೂರು ಮಾಡಿ’ ಎಂದ. ನೂರೈವತ್ತಕ್ಕೆ ಒಪ್ಪಿದೆವು, ಮೇಲೊಂದು ತಟ್ಟೆ ಮಿರ್ಚಿ ಭಜಿ. ಭಜಿಯ ಕಾಗದದಲ್ಲೇ ಬೆರಳು ಒರೆಸಿಕೊಂಡು, ಎಲೆಕ್ಟ್ರಿಷಿಯನ್ನನ ಥಿನ್ನರ್ ಬಾಟಲಿ ಇಸಿದುಕೊಂಡು, ನನ್ನ ಎದುರೇ ನನ್ನ ನಂಬರ್ ಉಜ್ಜಿ ತೆಗೆದು ತನ್ನದನ್ನು ಬರೆದುಕೊಂಡ.