ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನಾನು ಸಿದ್ಧವಾದ ಬಗೆ

ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಬೋಧಿಸುತ್ತಿದ್ದಾಗ, ವಿಶ್ವವಿದ್ಯಾಲಯದ ಹುದ್ದೆಗೆ ಸಿದ್ಧತೆಯನ್ನು ನಾನು ಆರಂಭಿಸಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ಪೂರ್ತಿಯಾಗಿ ಓದುವುದರಿಂದ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳು ಮತ್ತು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕರ್ನಾಟಕದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ತೇರ್ಗಡೆ ಇದ್ದರೆ ಅರ್ಜಿ ಹಾಕಬಹುದು; ಮೀಸಲಾತಿ ವರ್ಗಗಳಿಗೆ ಅಂಕಗಳಲ್ಲಿ ಶೇ. 5ರ ಸಡಿಲಿಕೆಯಿದೆ. 2023ರ ಜುಲೈ ತಿದ್ದುಪಡಿಯ ನಂತರ ಪಿಎಚ್.ಡಿ. ಕಡ್ಡಾಯವಲ್ಲ. ಆದರೂ ನಾನು ಸಂಶೋಧನೆಯನ್ನು ಕೈಬಿಡಲಿಲ್ಲ. ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂಬುದನ್ನು ತೀರ್ಮಾನಿಸುವ ನೂರು ಅಂಕಗಳ ಪಟ್ಟಿಯಲ್ಲಿ ಪಿಎಚ್.ಡಿ.ಗೆ 30 ಅಂಕಗಳಿದ್ದರೆ, ನೆಟ್‌ಗೆ 5, ಕೆ-ಸೆಟ್‌ನಂಥ ರಾಜ್ಯಮಟ್ಟದ ಸೆಟ್‌ಗೆ 3, ಪ್ರಕಟಿತ ಲೇಖನಗಳಿಗೆ ಗರಿಷ್ಠ 10, ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕಗಳಿವೆ. ಪದವಿ ಮತ್ತು ಸ್ನಾತಕೋತ್ತರದ ಅಂಕಗಳನ್ನು ಆಮೇಲೆ ಬದಲಿಸಲಾಗದು. ಉಳಿದವನ್ನು ಗಳಿಸುವುದು ನನ್ನ ಕೈಯಲ್ಲಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇತಿಹಾಸದ ಪ್ರಶ್ನೆಗಳು ಕನ್ನಡದಲ್ಲಿಯೂ ಬರುವ ಕೆ-ಸೆಟ್ ಸಹಜವಾದ ಮೊದಲ ಮೆಟ್ಟಿಲಾಯಿತು. ನೆಟ್‌ನಲ್ಲಿ ಇತಿಹಾಸದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಓದಿದ ಪ್ರತಿ ಅಧ್ಯಾಯದ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿಕೊಂಡೆ. ಬೋಧನೆ ಮತ್ತು ಸಂಶೋಧನೆಯ ಅಭಿಕ್ಷಮತೆಯನ್ನು ಅಳೆಯುವ ಮೊದಲ ಪತ್ರಿಕೆಯನ್ನು ಅನೇಕರು ಹಗುರವಾಗಿ ಕಾಣುತ್ತಾರೆ. ಒಟ್ಟು 300 ಅಂಕಗಳಲ್ಲಿ 100 ಅದರದ್ದೇ ಆಗಿರುವಾಗ ಅದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ.

ಬೋಧನಾನುಭವದ ಪ್ರಮಾಣಪತ್ರವನ್ನು ಪ್ರತಿ ವರ್ಷದ ಕೊನೆಯಲ್ಲಿಯೇ, ಸೇರಿದ ಮತ್ತು ಬಿಟ್ಟ ದಿನಾಂಕಗಳ ಸಮೇತ ಪಡೆದುಕೊಂಡೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಅಂಕಗಳನ್ನು ಅದೇ ಪ್ರಮಾಣದಲ್ಲಿ ಇಳಿಸುವುದರಿಂದ ಈ ದಿನಾಂಕಗಳಿಗೆ ಬೆಲೆಯಿದೆ.

ಈ ಅಂಕಗಳೆಲ್ಲ ಸಂದರ್ಶನದ ಬಾಗಿಲವರೆಗೆ ಮಾತ್ರ. ಅಂತಿಮ ಆಯ್ಕೆ ಸಂದರ್ಶನದಲ್ಲಿನ ಸಾಮರ್ಥ್ಯವನ್ನಷ್ಟೇ ಆಧರಿಸುತ್ತದೆ, ಮತ್ತು ತರಗತಿಯಲ್ಲಿ ಪಾಠ ಮಾಡಿಸಿ ನೋಡಲು ನಿಯಮಾವಳಿಯಲ್ಲಿ ಅವಕಾಶವಿದೆ. ಹೀಗಾಗಿ ಮಾದರಿ ಪಾಠಕ್ಕೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನು ಆರಿಸಿಕೊಂಡು, ಅದನ್ನು ನನ್ನ ವಿದ್ಯಾರ್ಥಿಗಳ ಮುಂದೆಯೇ ಮತ್ತೆ ಮತ್ತೆ ಬೋಧಿಸಿದೆ. ವೇದ, ವ್ಯಾಕರಣಗಳ ಅಧ್ಯಯನದ ಜೊತೆಗೆ ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿದ್ದ ಸ್ಥಳವೆಂದು ಮಠವನ್ನು ವರ್ಣಿಸುವ ಆ ಶಾಸನವನ್ನು ಹೊಗಳಿ ಮುಗಿಸುವುದು ಸುಲಭ. ದಾನವನ್ನು ದಾಖಲಿಸುವ ಶಾಸನದ ಮಾತನ್ನು ಇತಿಹಾಸಕಾರ ಎಷ್ಟರಮಟ್ಟಿಗೆ ನಂಬಬಹುದು, ಅದನ್ನು ಬೇರೆ ಯಾವ ಆಧಾರದೊಡನೆ ಹೋಲಿಸಬೇಕು ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸುವುದು ನನ್ನ ಗುರಿಯಾಗಿತ್ತು. ಸಂದರ್ಶನದಲ್ಲಿ ತಜ್ಞರು ಪಾಠವನ್ನು ನಡುವೆಯೇ ನಿಲ್ಲಿಸಿ ಕೇಳಿದ್ದು ಈ ಪ್ರಶ್ನೆಗಳನ್ನೇ. ನನ್ನ ವಿದ್ಯಾರ್ಥಿಗಳೊಡನೆ ಅವನ್ನು ಚರ್ಚಿಸಿದ್ದರಿಂದ ನಿಧಾನವಾಗಿ, ಆಧಾರಸಹಿತ ಉತ್ತರಿಸಲು ಸಾಧ್ಯವಾಯಿತು.