ಡ್ಯಾನ್ಸ್ ಕ್ಲಾಸಿಗೆ ಸೇರುವ ಮುಂಚೆ ಟೀಚರ್ ಕಣ್ಣು ಎಲ್ಲಿದೆ ನೋಡಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ತರಕಾರಿ ತರಲು ಹೋದರೆ ಒಬ್ಬರಾದರೂ ಕೇಳುತ್ತಾರೆ: "ಮಗಳನ್ನ ಭರತನಾಟ್ಯಕ್ಕೆ ಹಾಕ್ಬೇಕು, ಯಾವ ಕ್ಲಾಸು ಒಳ್ಳೇದು?" ನಾನು ಹೆಸರು ಹೇಳುವುದಿಲ್ಲ. ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಯಾಕೆಂದರೆ ನಾನೇ ಒಂದು ಸಲ ತಪ್ಪಾಗಿ ಆರಿಸಿಕೊಂಡು, ಹದಿನಾರನೇ ವಯಸ್ಸಿಗೇ ಮಂಡಿ ಹಿಡಿದುಕೊಂಡು ಕೂತವಳು.

ಮೊದಲನೆಯದು, ವಾರ್ಷಿಕೋತ್ಸವ ನೋಡಿ ತೀರ್ಮಾನ ಮಾಡಬೇಡಿ. ಕಲಾಕ್ಷೇತ್ರದ ಲೈಟಿನಲ್ಲಿ, ಜರಿ ಸೀರೆಯ ಕಾಸ್ಟ್ಯೂಮಿನಲ್ಲಿ ಎಲ್ಲಾ ಮಕ್ಕಳೂ ಚೆನ್ನಾಗಿಯೇ ಕಾಣುತ್ತಾರೆ. ಯಾವುದೋ ಒಂದು ಮಂಗಳವಾರ ಸಂಜೆ ಕ್ಲಾಸಿಗೆ ಹೋಗಿ, ಅನುಮತಿ ಕೇಳಿ, ಮೂಲೆಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಮಕ್ಕಳನ್ನು ನೋಡಬೇಡಿ, ಟೀಚರನ್ನು ನೋಡಿ. ಅವರ ಕಣ್ಣು ಎಲ್ಲಿದೆ? ಮಕ್ಕಳ ಕಾಲಿನ ಮೇಲೋ, ಮೊಬೈಲ್ ಮೇಲೋ?

ಆಮೇಲೆ ಅವರು ತಿದ್ದುವುದನ್ನು ಕೇಳಿಸಿಕೊಳ್ಳಿ. "ಸರಿಯಾಗಿ ಕೂತ್ಕೊಳ್ರೋ" ಅಂತ ಇಡೀ ಕ್ಲಾಸಿಗೆ ಕೂಗಿದರೆ ಅದು ತಿದ್ದಿದ ಹಾಗಲ್ಲ. "ನಿನ್ನ ಎಡಮಂಡಿ ಒಳಗೆ ಬೀಳ್ತಿದೆ, ಹೆಬ್ಬೆರಳಿನ ಕಡೆ ಅಲ್ಲ, ಹೊರಗೆ ತೆಗಿ" ಅಂತ ಒಂದು ಮಗುವಿನ ಹತ್ತಿರ ಹೋಗಿ ಹೇಳಿದರೆ, ಅಲ್ಲಿ ಸೇರಿಸಬಹುದು. ಅರಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ಕಾಲು ಹೊರಕ್ಕೆ ತಿರುಗಬೇಕಾದ್ದು ಸೊಂಟದ ಕೀಲಿನಿಂದ. ಸೊಂಟ ತಿರುಗದೆ ಬರೀ ಪಾದವನ್ನು ಬಲವಂತವಾಗಿ ತಿರುಗಿಸಿದರೆ ಮಂಡಿ ತಿರುಚಿಕೊಳ್ಳುತ್ತದೆ. ಮಂಡಿ ಯಾವ ಕಡೆಗೋ ಪಾದದ ಬೆರಳೂ ಅದೇ ಕಡೆಗೆ ಇರಬೇಕು. ಕುಣಿಯುವವಳಿಗೆ ಇದು ಕಾಣುವುದಿಲ್ಲ. ಕನ್ನಡಿ ನೋಡಲು ಬಗ್ಗಿದರೆ ಬೆನ್ನೇ ಕೆಟ್ಟಿತು! ಯೂಟ್ಯೂಬ್ ನೋಡಿ ಕಲಿತವರಿಗೆ ಇಲ್ಲೇ ಪೆಟ್ಟು. ವಿಡಿಯೋ ನಿಮಗೆ ಕಾಣುತ್ತದೆ, ಆದರೆ ವಿಡಿಯೋಗೆ ನೀವು ಕಾಣುವುದಿಲ್ಲ.

ನನ್ನ ಮೊದಲ ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದೆವು. ನೆಲ ಸಿಮೆಂಟಿನದು. ಸೇರಿ ಆರು ತಿಂಗಳಿಗೇ ಸ್ಟೇಜು, ಎರಡು ವರ್ಷಕ್ಕೆ ಜೂನಿಯರ್ ಪರೀಕ್ಷೆ. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಹಾಡು ಬಂದರೆ ಕುಣಿಯುತ್ತಿದ್ದೆ, ಆದರೆ ಹಾಡು ನಿಲ್ಲಿಸಿ "ಆದಿತಾಳದಲ್ಲಿ ಈ ಜತಿ ಹಾಕು" (ಜತಿ ಅಂದರೆ ಬಾಯಲ್ಲಿ ಹೇಳುವ ಸೊಲ್ಲುಗಳಿಗೆ ಹೆಜ್ಜೆ ಕೂಡಿಸಿದ ತುಣುಕು) ಅಂದರೆ ಆ ತಾಳದ ಎಂಟು ಎಣಿಕೆಯಲ್ಲಿ ಎಲ್ಲಿದ್ದೇನೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಮಂಡಿ ನೋವು ಅಂದಾಗ "ಅಭ್ಯಾಸ ಆಗುತ್ತೆ" ಅಂದರು. ಅಭ್ಯಾಸ ಆಗಲಿಲ್ಲ, ಜಾಸ್ತಿ ಆಯಿತು. ಹತ್ತು ವರ್ಷ ಗೆಜ್ಜೆ ಮುಟ್ಟಲಿಲ್ಲ.

ಮತ್ತೆ ಶುರು ಮಾಡಿದ್ದು ಇಪ್ಪತ್ತಾರಕ್ಕೆ. ಹಾಸನದ್ದೇ ಕೆ.ಆರ್. ಪುರಂನ ಒಂದು ಮನೆಯ ಹಜಾರ, ಐದೇ ಜನ. ನಮ್ಮ ಟೀಚರ್ ಮೊದಲ ದಿನ ನನ್ನ ಹತ್ತಿರ ಅಲರಿಪು (ಕಾರ್ಯಕ್ರಮದ ಶುರುವಿನ ನೃತ್ಯ) ಮಾಡಿಸಿ, ಪೂರ್ತಿ ನೋಡಿ, "ನಾಳೆಯಿಂದ ತಟ್ಟಡವು" ಅಂದರು. ಅದು ಎಲ್ಲರೂ ಮೊದಲು ಕಲಿಯುವ ಹೆಜ್ಜೆ. ಏಳು ವರ್ಷ ಕಲಿತವಳಿಗೆ ಮತ್ತೆ 'ತೈ ಯಾ ತೈ'! ಬಸ್ಸಿನಲ್ಲಿ ಅತ್ತಿದ್ದೆ. ಆರು ತಿಂಗಳು ಬರೀ ತಟ್ಟಡವು, ನಾಟ್ಟಡವು, ಮೂರೂ ಕಾಲದಲ್ಲಿ, ಅಂದರೆ ಮೂರೂ ವೇಗದಲ್ಲಿ. ಈಗ ನಲವತ್ತೊಂದು. ಮಂಡಿ ಕೂಗುವುದಿಲ್ಲ.

ಇನ್ನೊಂದು ಗುರುತು: ಕೋಲು ತಟ್ಟಿ, ಬಾಯಲ್ಲಿ 'ತೈ ಯಾ ತೈ' ಥರದ ಸೊಲ್ಲುಕಟ್ಟು ಹೇಳಿ ಕಲಿಸುತ್ತಾರಾ, ಅಥವಾ ಸ್ಪೀಕರ್ ಹಾಕಿ ಬಿಡುತ್ತಾರಾ? ಸ್ಪೀಕರ್ ನಿಮಗಾಗಿ ನಿಧಾನ ಮಾಡುವುದಿಲ್ಲ. ಕೋಲು ಹಿಡಿದವರು ನಿಮ್ಮ ಕಾಲು ತಡವರಿಸಿದ ಜಾಗದಲ್ಲೇ ನಿಲ್ಲಿಸಿ ಅಲ್ಲಿಂದಲೇ ಮತ್ತೆ ಹೇಳುತ್ತಾರೆ.

ದುಡ್ಡಿನ ಮಾತು ಮೊದಲೇ ಆಡಿ, ನಾಚಿಕೆ ಬೇಡ. ತಿಂಗಳ ಫೀಸು ಎಲ್ಲರೂ ಕೇಳುತ್ತಾರೆ. ಗೆಜ್ಜೆಪೂಜೆ, ಕಾಸ್ಟ್ಯೂಮು, ಪರೀಕ್ಷೆ ಫೀಸು, ಮುಂದೆ ರಂಗಪ್ರವೇಶ (ಒಬ್ಬಳೇ ಮಾಡುವ ಮೊದಲ ಪೂರ್ಣ ಕಾರ್ಯಕ್ರಮ), ಇವುಗಳ ಖರ್ಚು ಕೇಳುವುದಿಲ್ಲ. ರಂಗಪ್ರವೇಶ ಅಂದರೆ ಸಭಾಂಗಣ, ಹಾಡುವವರು, ಮೃದಂಗ, ಕೊಳಲು, ಮೇಕಪ್ಪು, ಒಡವೆ, ಆಹ್ವಾನ ಪತ್ರಿಕೆ, ಊಟ. ಪಕ್ಕವಾದ್ಯದವರು ಬೆಂಗಳೂರಿಂದ ಬಂದರೆ ಅವರಿಗೆ ರೂಮೂ ಬೇಕು. ಮದುವೆಗಿಂತ ಸ್ವಲ್ಪ ಕಮ್ಮಿ, ಅಷ್ಟೇ. "ಈ ವರ್ಷ ಮಾಡಿಬಿಡೋಣ" ಅಂತ ಅವಸರ ಮಾಡುವವರಿಗಿಂತ "ಇನ್ನೂ ವರ್ಣ ಕೂತಿಲ್ಲ, ತಡಿ" ಅನ್ನುವವರನ್ನು ನಂಬಿ. ವರ್ಣ ಅಂದರೆ ಕಾರ್ಯಕ್ರಮದ ಉದ್ದದ, ಕಷ್ಟದ ನೃತ್ಯ.

ಸೇರಿದ ಮೇಲೆ ನಿಮ್ಮ ಕೆಲಸವೂ ಇದೆ. ನಾನು ಕ್ಲಾಸ್ ಮುಗಿದ ತಕ್ಷಣ ಚಪ್ಪಲಿ ಹಾಕುವ ಮುಂಚೆ ಅವತ್ತು ತಿದ್ದಿದ್ದನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮೂರೇ ಸಾಲು. ಮುಂದಿನ ಕ್ಲಾಸಿಗೆ ಆ ಮೂರನ್ನು ಸರಿ ಮಾಡಿಕೊಂಡು ಹೋದರೆ ಅವರು ನಾಲ್ಕನೆಯದನ್ನು ಹೇಳುತ್ತಾರೆ. ಇಲ್ಲದಿದ್ದರೆ ಅದೇ ಮೂರನ್ನು ವರ್ಷಗಟ್ಟಲೆ ಹೇಳಿಸಿಕೊಳ್ಳುತ್ತಾ ಫೀಸು ಕಟ್ಟುತ್ತಿರುತ್ತೀರಿ. ಜತಿಗಳನ್ನು ಅವರ ದನಿಯಲ್ಲೇ ಫೋನಿಗೆ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಕೊಂಡು ಮಾಡಿ. ಮನೆಯಲ್ಲಿ ವಿಡಿಯೋ ತೆಗೆಯುವಾಗ ಫೋನನ್ನು ಸ್ಟೂಲ್ ಮೇಲೆ ಇಟ್ಟು ಪಕ್ಕದಿಂದ ತೆಗೆಯಿರಿ. ಮುಂದಿನಿಂದ ಕೈ ಚೆಂದ ಕಾಣುತ್ತದೆ, ಪಕ್ಕದಿಂದ ಬೆನ್ನಿನ ಬಂಡವಾಳ ಬಯಲಾಗುತ್ತದೆ. ನೋವು ಮಾತ್ರ ಮುಚ್ಚಿಡಬೇಡಿ.

ಕ್ಲಾಸಿನ ಹೊರಗೂ ಗುರು ಬೇಕು. ಒಂದು ಭಾನುವಾರ ಟೀಚರ್ ನಮ್ಮನ್ನು ಬೇಲೂರಿಗೆ ಕರೆದುಕೊಂಡು ಹೋದರು. ಹಾಸನದಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ ನಾನು ಹತ್ತಾರು ಸಲ ನೋಡಿದ್ದೆ, ನೆಂಟರು ಬಂದಾಗೆಲ್ಲ ಹೋಗುವ ಜಾಗ ತಾನೇ. ಅವತ್ತು ಒಂದು ಮದನಿಕೆ ಶಿಲ್ಪದ ಕೆಳಗೆ ನಿಲ್ಲಿಸಿ, ಕತ್ತೆತ್ತಿ ನೋಡಲು ಹೇಳಿ, "ಭಾರ ಯಾವ ಕಾಲಿನ ಮೇಲಿದೆ?" ಅಂದರು. ಒಡವೆ ನೋಡುತ್ತಿದ್ದವಳಿಗೆ ಆಗ ಸೊಂಟ ಕಂಡಿತು, ಎದುರು ದಿಕ್ಕಿಗೆ ಬಾಗಿದ ಮೈ ಕಂಡಿತು. ಮೈ ಮೂರು ಕಡೆ ಬಾಗುವ ತ್ರಿಭಂಗ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಶಾಂತಲೆ ದೊಡ್ಡ ನರ್ತಕಿ ಅಂತ ಗೈಡುಗಳು ಹೇಳುತ್ತಲೇ ಇರುತ್ತಾರೆ. ಅವಳಿಗೆ ಕಲಿಸಿದವರು ಯಾರು ಅಂತ ನನಗಿನ್ನೂ ಯಾರೂ ಹೇಳಿಲ್ಲ.

ಅಭಿನಯಕ್ಕಂತೂ ಎದುರಿಗೆ ಒಬ್ಬರು ಕೂರಲೇಬೇಕು. ಮೈಸೂರು ಶೈಲಿಯ ಅಭಿನಯಕ್ಕೆ ಹೆಸರಾದ, 1992ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷಮ್ಮನವರೂ ಎಳೆಯ ವಯಸ್ಸಿನಲ್ಲೇ ಜಟ್ಟಿ ತಾಯಮ್ಮನವರ ಎದುರು ಕೂತು ಕಲಿತವರು. ಹುಬ್ಬು ಎಷ್ಟು ಏರಿದರೆ ಕೋಪ, ಎಷ್ಟು ಏರಿದರೆ ತಮಾಷೆ ಅನ್ನುವುದನ್ನು ಬರೆದಿಡಲು ಬರುವುದಿಲ್ಲ.

ಹೊಂದಾಣಿಕೆ ಆಗದಿದ್ದರೆ ಬಿಡಿ, ಅದು ಪಾಪವಲ್ಲ. ಆದರೆ ಹೇಳಿ ಬಿಡಿ. ಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಹೋಗಿ, ಕಾಲಿಗೆ ನಮಸ್ಕಾರ ಮಾಡಿ, ಇಂಥ ಕಾರಣ ಅಂತ ನೇರವಾಗಿ ಹೇಳಿ. ನಾನು ಹಾಗೆ ಮಾಡಲಿಲ್ಲ. ಸುಮ್ನೆ ಹೋಗುವುದು ನಿಲ್ಲಿಸಿದೆ. ಎಷ್ಟೋ ವರ್ಷದ ಮೇಲೆ ಹಾಸನಾಂಬೆ ದರ್ಶನದ ಕ್ಯೂನಲ್ಲಿ ಮೊದಲ ಟೀಚರ್ ನನ್ನ ಹಿಂದೆಯೇ ಬಂದು ನಿಂತರು. "ಯಾಕಮ್ಮಾ ಬರೋದು ಬಿಟ್ಟೆ?" ಅಂದರು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಸ್ಥಾನ, ಆ ಕ್ಯೂ ಹೇಗಿರುತ್ತದೆ ಅಂತ ಹಾಸನದವರಿಗೆ ಗೊತ್ತು. ಮೂರೂವರೆ ಗಂಟೆ ನಾವಿಬ್ಬರೂ ಹಿಂದೆ ಮುಂದೆ ನಿಂತಿದ್ದೆವು.